ನಿಮಿಷಕ್ಕೆ ಹತ್ತು ಹನಿ

ಆ ಹೆಂಗಸಿನ ಬೆರಳಿನ ತುದಿಯನ್ನು ಚುಚ್ಚಿದಾಗ ಬಂದದ್ದನ್ನು ನಾನು ರಕ್ತವೆಂದು ನಂಬಲಿಲ್ಲ. ಅದು ಕುಂಕುಮದ ಬಟ್ಟಲನ್ನು ತೊಳೆದ ನೀರಿನಂತಿತ್ತು. ಹಿಮೋಗ್ಲೋಬಿನ್ ಪರೀಕ್ಷೆಯನ್ನು ಆ ಕಾಲದಲ್ಲಿ ಕಣ್ಣಳತೆಯಿಂದಲೇ ಮಾಡುತ್ತಿದ್ದೆವು. ಸಣ್ಣ ಗಾಜಿನ ನಳಿಕೆಯಲ್ಲಿ ಆಮ್ಲ ಹಾಕಿ, ಅದಕ್ಕೆ ಅಳತೆಯ ರಕ್ತವನ್ನು ಬಿಡಬೇಕು. ಅದು ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಪಕ್ಕದಲ್ಲಿರುವ ಕಂದು ಗಾಜಿನ ಬಣ್ಣಕ್ಕೆ ಸಮನಾಗುವವರೆಗೆ ಹನಿಹನಿಯಾಗಿ ನೀರು ಬೆರೆಸಬೇಕು. ಆರೋಗ್ಯವಂತರ ರಕ್ತ ಸಾಕಷ್ಟು ನೀರನ್ನು ಕುಡಿಯುತ್ತದೆ. ಈಕೆಯ ರಕ್ತಕ್ಕೆ ಕೆಲವೇ ಹನಿ ಸೇರಿಸುವಷ್ಟರಲ್ಲಿ ಬಣ್ಣ ಸಮನಾಗಿಬಿಟ್ಟಿತು. ನನ್ನ ಕೈಯಲ್ಲೇ ತಪ್ಪಾಗಿರಬೇಕೆಂದು ಮೂರು ಸಲ ಮಾಡಿದೆ. ಮೂರು ಸಲವೂ ಮೂರೇ ಗ್ರಾಂ ತೋರಿಸಿತು.

ಇಷ್ಟು ತೆಳುವಾದ ರಕ್ತವನ್ನಿಟ್ಟುಕೊಂಡು ಒಬ್ಬ ಹೆಂಗಸು ಸಿ.ಎಸ್. ಪುರದ ಕಡೆಯ ತನ್ನ ಊರಿನಿಂದ ಗುಬ್ಬಿಗೆ, ಗುಬ್ಬಿಯಿಂದ ತುಮಕೂರಿಗೆ ಎರಡು ಬಸ್ಸು ಹತ್ತಿ ಇಳಿದು ಬಂದಿದ್ದಾಳೆ ಎನ್ನುವುದೇ ನನಗೆ ವಿಸ್ಮಯವಾಗಿತ್ತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಗರದ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ನಾನು ತಂತ್ರಜ್ಞೆಯಾಗಿ ಸೇರಿ ಒಂದು ವರ್ಷವೂ ತುಂಬಿರಲಿಲ್ಲ. ಆಸ್ಪತ್ರೆಯ ಹೆಸರನ್ನು ಹೇಳುವುದು ಬೇಡ. ಕುಣಿಗಲ್ ತಾಲ್ಲೂಕಿನ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಆದ್ದರಿಂದ ತಪ್ಪು ಮಾತನಾಡಬಾರದು, ತಪ್ಪು ಪದ ಬಳಸಬಾರದು ಎಂಬ ಭಯ ಸದಾ ನನ್ನ ಬೆನ್ನಿಗಿರುತ್ತಿತ್ತು. ಡಾಕ್ಟರರನ್ನು ಒಂದು ಪ್ರಶ್ನೆ ಕೇಳಬೇಕಾದರೆ ಅದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿ ನೋಡಿಕೊಳ್ಳುತ್ತಿದ್ದೆ. ಎರಡನೆಯ ಸಲ ಮುಗಿಯುವ ಹೊತ್ತಿಗೆ ಅವರು ಮುಂದಿನ ವಾರ್ಡಿಗೆ ಹೋಗಿಬಿಟ್ಟಿರುತ್ತಿದ್ದರು. ಈ ಸ್ವಭಾವವನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಅದರಿಂದಾಗಿ ಒಂದು ಜೀವ ಹೋಗಿಬಿಡುತ್ತಿತ್ತು.

ಆಕೆಗೆ ಮೂವತ್ತರ ಹತ್ತಿರ ವಯಸ್ಸು. ಮೇಲಿಂದ ಮೇಲೆ ಹೆರಿಗೆಗಳು, ಹೊಟ್ಟೆಯಲ್ಲಿ ಕೊಕ್ಕೆಹುಳು. ಎರಡೂ ಸೇರಿ ವರ್ಷಗಳ ಕಾಲ ರಕ್ತವನ್ನು ಹೀರಿದ್ದವು. ಈಗ ಮಲಗಿದರೆ ಉಸಿರು ಕಟ್ಟುತ್ತಿತ್ತು, ಪಾದಗಳು ಊದಿದ್ದವು. ಆಕೆಯನ್ನು ಮಲಗಿಸಿದ್ದ ಕೋಣೆಯ ಬಾಗಿಲ ಮೇಲೆ ‘ತೀವ್ರ ನಿಗಾ ಘಟಕ’ ಎಂದು ಬರೆದಿತ್ತು. ಎಲ್ಲರೂ ಕರೆಯುತ್ತಿದ್ದದ್ದು ‘ಗಾಜಿನ ರೂಮು’ ಎಂದು. ನಾಲ್ಕು ಮಂಚ, ಎರಡು ಆಮ್ಲಜನಕದ ಸಿಲಿಂಡರ್, ಒಂದು ಇ.ಸಿ.ಜಿ. ಯಂತ್ರ, ಒಬ್ಬ ಹಿರಿಯ ಸಿಸ್ಟರ್: ಇಷ್ಟೇ ಅಲ್ಲಿನ ಬಲ.

ಆಕೆಯ ಜೊತೆಗೆ ಬಂದವರು ಇಬ್ಬರು. ಒಬ್ಬ ಗಂಡ. ಆತ ತನ್ನೂರ ಕೆರೆಯ ನೀರುಗಂಟಿ; ಎಂದರೆ ತೂಬನ್ನು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸಿ ಹಾಯಿಸುವವನು. ಇನ್ನೊಬ್ಬ ಆಕೆಯ ತಮ್ಮ, ಹುಲಿಯೂರುದುರ್ಗದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವನು, ಕಟ್ಟುಮಸ್ತಾದ ಆಳು. ಗಂಡನ ರಕ್ತದ ಗುಂಪು ಹೊಂದಲಿಲ್ಲ, ತಮ್ಮನದು ಹೊಂದಿತು. ಹೊಂದಿತೆಂದು ಹೇಳಿದ ಕೂಡಲೇ ತಮ್ಮನ ಮುಖ ಇಳಿಯಿತು.

“ಎಷ್ಟ್ ತಗೀತೀರ ಮೇಡಂ?”

“ಒಂದು ಬಾಟಲಿ.”

“ತುಂಬಾನಾ?”

ಬಾಗಿಲಲ್ಲಿ ನಿಂತಿದ್ದ ಭಾವ ನಕ್ಕ. “ಏನ್ಲಾ, ಅಕ್ಕನ ಕೈಲಿ ಅಷ್ಟ್ ವರ್ಸ ಮುದ್ದೆ ತಿಂದು ಬೆಳ್ದಿದ್ದೀಯ. ಒಂದ್ ಬಾಟ್ಲಿಗೆ ಹಿಂಗ್ ಬೆವರ್ತೀಯಲ್ಲ!”

“ನಿಂದ್ ಹೊಂದ್ಲಿಲ್ಲ ಅಂತ ಧೈರ್ಯವಾಗ್ ಮಾತಾಡ್ತಿದೀಯ, ಬುಡು ಭಾವ.”

ಸೂಜಿ ಚುಚ್ಚುವಾಗ ಅವನು ಕಣ್ಣು ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಭಾವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಎಲ್ಲ ಮುಗಿದ ಮೇಲೆ ಗಾಜಿನ ಬಾಟಲಿಯನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ಕೇಳಿದ. ನಿಯಮದಲ್ಲಿ ಹಾಗೆ ಮುಟ್ಟಿಸುವುದಿಲ್ಲ, ಆದರೂ ಕೊಟ್ಟೆ.

“ಬೆಚ್ಚಗೈತಲ್ಲ!” ಎಂದ. ಹೊರಡುವಾಗ, “ಒಂದ್ ತೊಟ್ಟೂ ದಂಡ ಆಗ್ಬಾರ್ದು ಮೇಡಂ. ಎಲ್ಲಾ ಅಕ್ಕನ ಮೈಗೇ ಸೇರ್ಬೇಕು” ಎಂದ.

“ಸೇರುತ್ತದೆ” ಎಂದು ನಾನು ಮಾತು ಕೊಟ್ಟೆ.

ಬಾಟಲಿಯನ್ನು ಕೊಡುವ ಮೊದಲು, ತಮ್ಮನ ರಕ್ತದ ಕೆಂಪು ಕಣಗಳನ್ನು ಅಕ್ಕನ ರಕ್ತದ ತಿಳಿಯೊಂದಿಗೆ ಬೆರೆಸಿ, ಮೈ ಬಿಸಿಯಷ್ಟೇ ಬಿಸಿ ಇರುವ ನೀರಿನಲ್ಲಿ ನಳಿಕೆಯನ್ನು ನಿಲ್ಲಿಸಿ, ಕಣಗಳು ಅಂಟಿಕೊಳ್ಳುತ್ತವೆಯೇ ಎಂದು ಪರೀಕ್ಷಿಸಬೇಕಿತ್ತು. ಅಂಟಿದರೆ ಆ ರಕ್ತ ವಿಷಕ್ಕೆ ಸಮ. ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ. ಕಣಗಳು ಒಂದಕ್ಕೊಂದು ಅಂಟದೆ, ಒಂದನ್ನೊಂದು ನೂಕದೆ, ಹರಡಿದ ಸಾಸಿವೆಯಂತೆ ಬಿಡಿಬಿಡಿಯಾಗಿ ತೇಲುತ್ತಿದ್ದವು. ಎಷ್ಟೋ ಸಲ ಕಂಡಿದ್ದ ದೃಶ್ಯ. ಆದರೂ ಪ್ರತಿಸಲ ನನಗೆ ಅನ್ನಿಸುತ್ತಿದ್ದದ್ದು ಒಂದೇ: ಹೊರಗಿನಿಂದ ಬಂದವನು ತನ್ನವನೋ ಅಲ್ಲವೋ ಎಂದು ನಮ್ಮನ್ನು ಕೇಳದೆಯೇ ತೀರ್ಮಾನಿಸುವ ಒಂದು ಎಚ್ಚರ, ಓದು ಬರಹವಿಲ್ಲದವರ ಮೈಯಲ್ಲೂ ಹೇಗೆ ಕೂತಿದೆ!

ಅಂದೇ ಬೆಳಿಗ್ಗೆ ಹತ್ತು ಗಂಟೆಗೆ ಬಾಟಲಿಯನ್ನು ನಾನೇ ಗಾಜಿನ ರೂಮಿಗೆ ಒಯ್ದೆ. ನಮ್ಮ ಹಿರಿಯ ಡಾಕ್ಟರರು ಮಂಚದ ಪಕ್ಕದಲ್ಲಿ ನಿಂತು ಆಕೆಯ ಕುತ್ತಿಗೆಯ ನರವನ್ನೇ ನೋಡುತ್ತಿದ್ದರು. ಅವರದು ಮಾತು ಕಡಿಮೆ. ಮೊದಲು ಮೂತ್ರ ಹೋಗುವ ಇಂಜೆಕ್ಷನ್ ಕೊಡಿಸಿದರು. ಆಮೇಲೆ ಕಾಗದದಲ್ಲಿ ಬರೆದದ್ದನ್ನು ಸಿಸ್ಟರ್ ಗಟ್ಟಿಯಾಗಿ ಓದಿಕೊಂಡರು: ನಿಮಿಷಕ್ಕೆ ಹತ್ತು ಹನಿ, ನಾಲ್ಕು ಗಂಟೆಗಳ ಕಾಲ ಕೊಟ್ಟು ನಿಲ್ಲಿಸುವುದು.

ಡಾಕ್ಟರರು ಹೊರಟರು. ರಬ್ಬರ್ ನಳಿಕೆಯ ನಡುವಿನ ಗಾಜಿನ ಬುರುಡೆಯಲ್ಲಿ ಮೊದಲ ಹನಿ ತುಂಬಿಕೊಂಡು, ತೂಗಿ, ಬಿತ್ತು. ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ ನೀರುಗಂಟಿ ಅದನ್ನೇ ನೋಡುತ್ತಿದ್ದ. ಅವನ ತುಟಿ ಸಣ್ಣಗೆ ಅಲುಗುತ್ತಿತ್ತು. ಪ್ರಾರ್ಥಿಸುತ್ತಿದ್ದಾನೆಂದು ನಾನು ತಿಳಿದೆ. ಅವನು ಎಣಿಸುತ್ತಿದ್ದ.

ಒಂದು ಗಂಟೆ ಕಳೆಯಿತು. ಪಕ್ಕದ ಮಂಚಕ್ಕೆ ಹಾವು ಕಚ್ಚಿದವರೊಬ್ಬರನ್ನು ತಂದರು. ಸಿಸ್ಟರ್ ಅತ್ತ ಓಡುತ್ತಾ, “ಸ್ವಲ್ಪ ಇಲ್ಲೇ ನೋಡ್ಕೊಳ್ತಿರಮ್ಮ” ಎಂದು ನನಗೆ ಹೇಳಿದರು. ನಾನು ಬಾಟಲಿಯನ್ನೂ ಗಡಿಯಾರವನ್ನೂ ನೋಡಿದೆ. ವಿಜ್ಞಾನದ ಪದವೀಧರೆಯಲ್ಲವೇ, ಲೆಕ್ಕ ತಾನಾಗಿ ಬಂತು. ನಿಮಿಷಕ್ಕೆ ಹತ್ತು ಹನಿಯಂತೆ ನಾಲ್ಕು ಗಂಟೆಯಲ್ಲಿ ಅರ್ಧ ಬಾಟಲಿಯೂ ಇಳಿಯುವುದಿಲ್ಲ. ರಕ್ತನಿಧಿಯಿಂದ ವಾರ್ಡಿಗೆ ಬಂದ ರಕ್ತವನ್ನು ನಾಲ್ಕು ಗಂಟೆ ಮೀರಿ ಇಡುವಂತಿಲ್ಲ, ಮರಳಿ ತಣ್ಣಗಿನ ಪೆಟ್ಟಿಗೆಯಲ್ಲೂ ಇಡುವಂತಿಲ್ಲ. ಇದು ನನಗೆ ಬಾಯಿಪಾಠ. ಹಾಗಾದರೆ ಉಳಿದದ್ದು? ಡಾಕ್ಟರರು ಇಪ್ಪತ್ತು ಎಂದು ಬರೆಯುವ ಕಡೆ ಹತ್ತು ಎಂದು ಬರೆದಿರಬೇಕು ಎಂದುಕೊಂಡೆ. ಹೋಗಿ ಕೇಳಬಹುದಿತ್ತು. ಅವರು ಹತ್ತು ಹೆಜ್ಜೆ ಆಚೆಗಿನ ವಾರ್ಡಿನಲ್ಲಿದ್ದರು. ಆದರೆ ಹಿರಿಯರ ಲೆಕ್ಕ ತಪ್ಪಿದೆ ಎಂದು ಯಾವ ಮಾತಿನಲ್ಲಿ ಹೇಳುವುದು? ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಾ ನಿಂತೆ, ಜೋಡಣೆಯಾಗಲಿಲ್ಲ. ಗಾಜಿನ ಬಾಗಿಲ ಆಚೆಯಿಂದ ತಮ್ಮ, ಮೂಗು ಚಪ್ಪಟೆಯಾಗುವಂತೆ ಗಾಜಿಗೆ ಒತ್ತಿಕೊಂಡು, ಇಳಿಯುತ್ತಿದೆಯೇ ಎಂದು ಕೈಸನ್ನೆಯಲ್ಲಿ ಕೇಳಿದ.

ನಾನು ನಳಿಕೆಯನ್ನು ಬಿಗಿದಿದ್ದ ಕ್ಲಿಪ್ಪಿನ ಹಿಡಿಕೆಯನ್ನು ಸಡಿಲಿಸಿದೆ. ಹನಿಗಳು ಒಂದರ ಹಿಂದೆ ಒಂದು ಓಡತೊಡಗಿದವು.

“ತಾಯಿ, ಜಾಸ್ತಿ ಬುಟ್ಬುಟ್ರಲ್ಲ” ಎಂದ ನೀರುಗಂಟಿ, ನೆಲದಿಂದಲೇ.

“ಲೆಕ್ಕದ ಪ್ರಕಾರವೇ ಬಿಟ್ಟಿದ್ದೇನೆ” ಎಂದೆ.

“ಆಗ್ಲಿಂದ ಹತ್ತತ್ತೇ ಬೀಳ್ತಿತ್ತು. ಈಗ ಎಣ್ಸಕ್ಕೇ ಆಯ್ತಿಲ್ಲ.” ಅವನು ಎದ್ದು ನಿಂತ. “ತಾಯಿ, ನೀವು ಓದಿರೋರು. ಆದ್ರೂ ಹೇಳ್ತೀನಿ. ವರ್ಸಾನುಗಟ್ಲೆ ಒಣಗಿ ಬಿರಿದಿರೋ ಗದ್ದೆಗೆ ಒಂದೇ ಸಲಕ್ಕೆ ತೂಬು ಎತ್ಬಾರ್ದು. ನೆಲ ಕುಡಿಯಲ್ಲ. ಬದು ಕಿತ್ಕಂಡ್ ಹೋಯ್ತದೆ.”

“ಇದು ಗದ್ದೆಯಲ್ಲಪ್ಪ, ಸುಮ್ಮನಿರು” ಎಂದು ನಾನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಸ್ವಲ್ಪ ಹೊತ್ತಿಗೆ ಆಕೆ ಕೆಮ್ಮಿದಳು. ಸಣ್ಣ, ಒಣ ಕೆಮ್ಮು. ಮತ್ತೆ ಕೆಮ್ಮಿದಳು. ನಾನು ಬಾಟಲಿಯಲ್ಲಿ ಎಷ್ಟು ಇಳಿಯಿತೆಂದು ನೋಡುತ್ತಿದ್ದೆ. ಆತ ಹೆಂಡತಿಯ ಕುತ್ತಿಗೆಯನ್ನು ನೋಡುತ್ತಿದ್ದ. “ಕತ್ತಿನ್ ನರ ನೋಡಿ ತಾಯಿ, ಹಗ್ಗದಂಗ್ ಎದ್ದೈತೆ!” ಎಂದವನೇ ಮುಂದೆ ಬಂದು, ರಬ್ಬರ್ ನಳಿಕೆಯನ್ನು ಎರಡು ಬೆರಳಿನಿಂದ ಮಡಿಚಿ ಹಿಡಿದುಬಿಟ್ಟ. ಹನಿ ನಿಂತಿತು.

“ಕೈ ತೆಗಿ! ಅದನ್ನ ಮುಟ್ಟಬಾರದು!”

“ತೆಗಿಯಲ್ಲ.”

ನನ್ನ ಕೂಗಿಗೆ ಸಿಸ್ಟರ್ ಓಡಿ ಬಂದರು. ಆಕೆ ಎದ್ದು ಕೂರಲು ಹೆಣಗುತ್ತಿದ್ದಳು. ಎದೆಯೊಳಗೆ ಮಡಕೆಯಲ್ಲಿ ನೀರು ಕುದಿಯುವಂತಹ ಸದ್ದು. ತುಟಿಯ ಮೇಲೆ ತಿಳಿಗೆಂಪು ನೊರೆ. ಡಾಕ್ಟರರನ್ನು ಕರೆಯಲು ಯಾರು ಹೋದರೆಂದು ನನಗೆ ನೆನಪಿಲ್ಲ, ಅವರು ಬಂದಿದ್ದರು. ಸೂಜಿಯನ್ನು ಹಾಗೆಯೇ ಬಿಟ್ಟು ಬಾಟಲಿಯನ್ನು ಬೇರ್ಪಡಿಸಿದರು. ಆಕೆಯನ್ನು ಕಾಲು ಇಳಿಬಿಟ್ಟು ಕೂರಿಸಿದರು. ಆಮ್ಲಜನಕ, ಇಂಜೆಕ್ಷನ್. ಆಮೇಲೆ ಎರಡು ತೊಡೆಗೂ ಒಂದು ತೋಳಿಗೂ ರಬ್ಬರ್ ಪಟ್ಟಿ ಬಿಗಿದು, ಹದಿನೈದು ನಿಮಿಷಕ್ಕೊಮ್ಮೆ ಒಂದನ್ನು ಬಿಚ್ಚಿ, ಪಟ್ಟಿ ಇಲ್ಲದ ತೋಳಿಗೆ ಅದನ್ನು ಕಟ್ಟಿ, ಹೀಗೆ ಸುತ್ತು ಹಾಕಿಸತೊಡಗಿದರು. ಎದೆಗೆ ಹಿಂದಿರುಗುವ ರಕ್ತವನ್ನು ಕೈಕಾಲುಗಳಲ್ಲೇ ತಡೆದು ನಿಲ್ಲಿಸುವ ಉಪಾಯ ಅದು.

“ಯಾರು ತಿರುಗ್ಸಿದ್ದು ಕ್ಲಿಪ್‌ನ?” ಎಂದರು, ತಲೆ ಎತ್ತದೆ.

ಸಿಸ್ಟರ್ ನೀರುಗಂಟಿಯ ಕಡೆ ನೋಡಿದರು. “ನಾನ್ ಬಂದಾಗ ಈ ಯಪ್ಪನೇ ಟ್ಯೂಬ್ ಹಿಡ್ಕೊಂಡಿದ್ದ ಸಾರ್.”

ಆತ ಹೆಂಡತಿಯ ಬೆನ್ನನ್ನು ನೀವುತ್ತಿದ್ದ. ನನ್ನ ಕಡೆ ನೋಡಲಿಲ್ಲ. ಅವನ ಕಣ್ಣು ಹೆಂಡತಿಯ ಮೇಲಿತ್ತು, ಉಳಿದದ್ದು ಅವನಿಗೆ ಬೇಕಾಗಿರಲಿಲ್ಲ. ನನ್ನ ಕೆಲಸ, ನನ್ನ ಪದವಿ, ಊರಿನಲ್ಲಿ ನನ್ನ ಬಗ್ಗೆ ಹೇಳಿಕೊಳ್ಳುವ ಅಪ್ಪ, ಎಲ್ಲವೂ ಒಂದು ಉಸಿರಿನಷ್ಟು ಹೊತ್ತು ನನ್ನ ನಾಲಿಗೆಯನ್ನು ಹಿಡಿದುಕೊಂಡವು. ಅಷ್ಟು ಹೊತ್ತು ಸುಮ್ಮನಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

“ನಾನು ಸಾರ್. ನಾನೇ ಸಡಿಲ ಮಾಡಿದೆ. ಇವರು ನಿಲ್ಲಿಸಿದರು” ಎಂದೆ.

ಡಾಕ್ಟರರು ಆಗ ತಲೆ ಎತ್ತಿದರು. “ಯಾಕಮ್ಮ?”

“ನಾಲ್ಕು ಗಂಟೆಯಲ್ಲಿ ಮುಗಿಯುವುದಿಲ್ಲವೆಂದು.”

“ಮುಗಿಸು ಅಂತ ಯಾರ್ ಹೇಳಿದ್ರು?” ಸ್ವರ ಏರಲಿಲ್ಲ, ಏರಿದ್ದರೆ ನನಗೆ ಹಗುರವಾಗುತ್ತಿತ್ತು. “ನಿನ್ ಲೆಕ್ಕ ಸರಿಯಾಗೇ ಇದೆ. ಆದ್ರೆ ಬಾಟ್ಲಿ ಲೆಕ್ಕ ಹಾಕಿ, ಪೇಷೆಂಟ್ ಲೆಕ್ಕ ಬಿಟ್ಬಿಟ್ಟೆ. ಈಯಮ್ಮನ ಮೈಯಲ್ಲಿ ನೀರಿಗೇನ್ ಕಮ್ಮಿ ಇಲ್ಲಮ್ಮ, ಬಣ್ಣ ಕಮ್ಮಿ ಇದೆ ಅಷ್ಟೆ. ಅಷ್ಟನ್ನೂ ತಳ್ಳಿ ತಳ್ಳಿ ಹಾರ್ಟ್ ಸೋತಿದೆ. ಅದರ ಮೇಲೆ ಇನ್ನೊಂದ್ ಹೊರೆ ಹೊರಿಸಿದ್ರೆ ಎಲ್ಲಿ ತಡಕೊಳ್ಳತ್ತೆ? ಇಲ್ಲೇ ಕೂತ್ಕೋ. ನಾಡಿ ಹಿಡ್ಕೊ. ಬಿಡ್ಬೇಡ.”

ನಾನು ಕುಳಿತು ನಾಡಿ ಹಿಡಿದೆ. ಅದು ಓಡುತ್ತಿರಲಿಲ್ಲ, ನಡುಗುತ್ತಿತ್ತು. ಒಂದೂವರೆ ಗಂಟೆ ನನ್ನ ಬೆರಳುಗಳಿಗೆ ಆ ನಡುಕವನ್ನು ಬಿಟ್ಟು ಬೇರೆ ಪ್ರಪಂಚವಿರಲಿಲ್ಲ. ಎದುರಿನಲ್ಲಿ ಆತ ಹೆಂಡತಿಯ ಬೆನ್ನಿಗೆ ತನ್ನ ಹೆಗಲನ್ನು ಕೊಟ್ಟು ಕುಳಿತಿದ್ದ. ಮೂತ್ರ ಹೋಗಲು ಶುರುವಾಯಿತು. ಎದೆಯ ಸದ್ದು ತಗ್ಗುತ್ತಾ ಬಂತು. ನಡುಗುತ್ತಿದ್ದ ನಾಡಿ ಬಿಡಿಬಿಡಿಯಾಗಿ ಎಣಿಕೆಗೆ ಸಿಗತೊಡಗಿದಾಗ ನಾನು ತಲೆ ಎತ್ತಿ ನೋಡಿದೆ. ಆಕೆ ಗಂಡನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಎರಡು ವಾರದಿಂದ ಕಣ್ಣು ಮುಚ್ಚಿರಲಿಲ್ಲವೆಂದು ಆತ ಪಿಸುಗುಟ್ಟಿದ.

ಸಂಜೆಯ ಹೊತ್ತಿಗೆ, ಬಾಟಲಿಯಲ್ಲಿ ಉಳಿದ ರಕ್ತವನ್ನು ಎಸೆಯುವರೆಂದು ತಿಳಿದು ತಮ್ಮ ಕಾರಿಡಾರಿನಲ್ಲಿ ಗಲಾಟೆ ಮಾಡಿದ. “ದಂಡ ಆಗಲ್ಲ ಅಂತ ಈ ಮೇಡಮ್ಮೇ ಹೇಳಿದ್ರು! ನನ್ ರಕ್ತನ ಮೋರಿಗೆ ಬುಡ್ತೀರಾ?”

ಭಾವ ಉತ್ತರಿಸಿದ. “ಬಾಯ್ಮುಚ್ಲಾ. ನೀನ್ ಕೊಟ್ಟಿದ್ದು ನಿನ್ನಕ್ಕಂಗೋ, ಆ ಬಾಟ್ಲಿಗೋ? ಎಷ್ಟ್ ಬೇಕೋ ಅಷ್ಟ್ ಕುಡಿದವ್ಳೆ. ಮಿಕ್ಕಿದ್ದಕ್ಕೆ ಅವ್ಳನ್ನ ಸಾಯ್ಸಕ್ಕಾಯ್ತದಾ?” ಆಮೇಲೆ ಇಬ್ಬರೂ ಶಿರಾ ಗೇಟ್ ಕಡೆಗೆ ಟೀ ಕುಡಿಯಲು ಹೋದರು. ಹೋಗುವಾಗ ತಮ್ಮ, ತೋಳಿಗೆ ಅಂಟಿಸಿದ್ದ ಹತ್ತಿಯನ್ನು ಎದುರಿಗೆ ಬಂದವರಿಗೆಲ್ಲ ಕಾಣುವಂತೆ ಅಂಗಿಯ ತೋಳನ್ನು ಮಡಿಚಿಕೊಂಡ.

ಎರಡು ದಿನ ಬಿಟ್ಟು ಡಾಕ್ಟರರು ಎರಡನೆಯ ಬಾಟಲಿಯನ್ನು ಕೊಡಲು ನಿರ್ಧರಿಸಿದರು. ಈ ಸಲ ಅವಸರವಿರಲಿಲ್ಲ. ಗುಬ್ಬಿಯ ಕಡೆಯ ಬಸ್ಸಿನ ಕಂಡಕ್ಟರೊಬ್ಬರು, ಯಾರಿಗಾದರೂ ಆಗಲಿ ಎಂದು ಕೊಟ್ಟುಹೋಗಿದ್ದ ರಕ್ತವಿತ್ತು. ಅಲುಗಾಡಿಸದೆ ನಿಲ್ಲಿಸಿದ್ದ ಆ ಬಾಟಲಿಯಲ್ಲಿ ಕೆಂಪು ಕಣಗಳೆಲ್ಲ ತಳಕ್ಕೆ ಇಳಿದು, ಮೇಲೆ ಕರಗಿದ ತುಪ್ಪದ ಬಣ್ಣದ ತಿಳಿ ನಿಂತಿತ್ತು. ಆ ತಿಳಿಯನ್ನು ಶುದ್ಧವಾದ ಸೂಜಿಯಿಂದ ಸೆಳೆದು ತೆಗೆದು, ಗಟ್ಟಿಯನ್ನು ಮಾತ್ರ ಕೊಡಬೇಕೆಂದು ಡಾಕ್ಟರರು ಹೇಳಿದರು. ಹೊರೆ ಕಡಿಮೆ, ಬಣ್ಣ ಪೂರ್ತಿ. ತಿಳಿಯನ್ನು ಎಷ್ಟು ಬಿಡಬೇಕು, ಕಣಗಳು ಗಟ್ಟಿಯಾಗಿ ಸೂಜಿಯಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು, ಕುತ್ತಿಗೆಯ ನರ ಎಲ್ಲಿಯವರೆಗೆ ಕಂಡರೆ ನಿಲ್ಲಿಸಬೇಕು: ಬಾಯಿಗೆ ಬಂದ ಹಾಗೆ ಕೇಳಿದೆ. ಒಂದಕ್ಕೂ ಅವರು ನಗಲಿಲ್ಲ.

ಅಂದು ಬೆಳಗಿನಿಂದ ಮಧ್ಯಾಹ್ನದವರೆಗೆ ನಾನೂ ನೀರುಗಂಟಿಯೂ ಮಂಚದ ಎರಡು ಕಡೆ ಕುಳಿತಿದ್ದೆವು. ನಾನು ನಾಡಿಯನ್ನು ನೋಡಿದೆ, ಅವನು ಹನಿಯನ್ನು ಎಣಿಸಿದ. ಹತ್ತಕ್ಕೆ ಹನ್ನೊಂದಾದರೆ “ತಾಯಿ” ಎನ್ನುತ್ತಿದ್ದ. ನಾನು ಹಿಡಿಕೆಯನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದೆ. ಆ ನಾಲ್ಕು ಗಂಟೆಯಲ್ಲಿ ನಾನು ಕಂಡದ್ದನ್ನು ಯಾವ ಪಠ್ಯಪುಸ್ತಕದಲ್ಲಿಯೂ ಓದಿರಲಿಲ್ಲ. ಮೊದಲು ಬದಲಾದದ್ದು ಉಸಿರು. ಆಮೇಲೆ ಕೆಳರೆಪ್ಪೆಯ ಒಳಭಾಗ. ಸುಣ್ಣದ ಗೋಡೆಯಂತಿದ್ದ ನಾಲಿಗೆಯ ಅಂಚಿನಲ್ಲಿ, ಇದೆಯೋ ಇಲ್ಲವೋ ಎನ್ನುವಷ್ಟು, ಒಂದು ಕೆಂಪು. ಉಗುರನ್ನು ಒತ್ತಿ ಬಿಟ್ಟರೆ ಆ ಬಣ್ಣ ಹೋಗಿ ಮರಳಿ ಬರುತ್ತಿತ್ತು. ನಾನು ಒತ್ತಿ ಒತ್ತಿ ನೋಡಿದೆ. ಹುಲಿಯೂರುದುರ್ಗದ ಸೈಕಲ್ ಅಂಗಡಿಯವನ ಅರ್ಧ ಬಾಟಲಿ, ಹೆಸರು ಹೇಳದ ಕಂಡಕ್ಟರರ ಅರ್ಧ ಬಾಟಲಿ, ಒಂದಕ್ಕೊಂದು ಜಗಳವಾಡದೆ ಮೂರನೆಯವಳ ಉಗುರಿನ ಕೆಳಗೆ ಬಂದು ಹೋಗುತ್ತಿದ್ದವು.

“ಇದು ಯಾರ್ದು?” ಎಂದು ಆಕೆ ಬಾಟಲಿಯ ಕಡೆ ಕಣ್ಣು ತೋರಿಸಿ ಕೇಳಿದಳು. ಆಕೆ ನನ್ನೊಡನೆ ಆಡಿದ ಮೊದಲ ಮಾತು ಅದು.

“ಯಾರದೆಂದು ಹೇಳುವ ಹಾಗಿಲ್ಲಮ್ಮ.”

“ಹಂಗಾದ್ರೆ ಯಾರ್ನ ನೆನೆಸ್ಕಂಡು ಕೈ ಮುಗೀಲಿ?”

“ಊರೋರ್ಗೆಲ್ಲ ಮುಗಿ. ಅದ್ರಾಗೆ ಅವ್ರೂ ಇರ್ತಾರೆ” ಎಂದ ಗಂಡ, ಎಣಿಕೆ ತಪ್ಪದಂತೆ ಬೆರಳು ಮಡಿಚಿಕೊಂಡೇ.

ಐದಾರು ದಿನದ ಮೇಲೆ ಮೂರನೆಯ ಬಾಟಲಿಯನ್ನು ಹೊಂದಿಸಿ, ಆಕೆಯ ಹೆಸರಿನ ಚೀಟಿ ಅಂಟಿಸಿ, ಸಿದ್ಧವಾಗಿಟ್ಟಿದ್ದೆ. ಹಿಮೋಗ್ಲೋಬಿನ್ ಇನ್ನೂ ಆರು ಗ್ರಾಂ ಮಾತ್ರ. ತಮ್ಮನಿಗಂತೂ ಈಗ ರಕ್ತದ ಮೇಲೆ ಅಪಾರ ಭಕ್ತಿ ಹುಟ್ಟಿತ್ತು. “ಇನ್ನೊಂದ್ ಏರ್ಸ್ಬುಡಿ ಸಾರ್, ಗಟ್ಟಿಮುಟ್ಟಾಗ್ಲಿ” ಎಂದು ಡಾಕ್ಟರರ ಹಿಂದೆಯೇ ನಡೆಯುತ್ತಿದ್ದ. ಡಾಕ್ಟರರು ಹಿಮೋಗ್ಲೋಬಿನ್ ಬರೆದು ಕೊಟ್ಟಿದ್ದ ನನ್ನ ಕಾಗದವನ್ನು ಓದಿ, ಮಡಿಚಿ, ಆಕೆಯ ಕಡೆ ತಿರುಗಿದರು.

“ಎದ್ದೇಳಮ್ಮ. ಆ ಕಿಟಕಿ ತನಕ ನಡಿ ನೋಡೋಣ.”

ಆಕೆ ಎದ್ದಳು. ಮಂಚದ ಅಂಚನ್ನು ಹಿಡಿದಳು, ಬಿಟ್ಟಳು. ಗಂಡ ಎರಡು ಕೈಗಳನ್ನೂ ಮುಂದೆ ಚಾಚಿಕೊಂಡು, ಮುಟ್ಟದೆ, ಪಕ್ಕದಲ್ಲೇ ಸರಿದ. ಕಿಟಕಿಯನ್ನು ತಲುಪಿ ಆಕೆ ಸ್ವಲ್ಪ ಹೊತ್ತು ರಸ್ತೆಯನ್ನು ನೋಡಿದಳು, ಸೆರಗನ್ನು ಸರಿಮಾಡಿಕೊಂಡಳು, ತಿರುಗಿ ಬಂದು ಮಂಚದ ಮೇಲೆ ಕುಳಿತಳು. ಡಾಕ್ಟರರು ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ನಾಡಿ ಎಣಿಸಿದರು. ಕುತ್ತಿಗೆಯನ್ನು ನೋಡಿದರು. ಎದೆಯನ್ನು ಆಲಿಸಿದರು.

“ಸಾಕು. ಇನ್ನ್ ರಕ್ತ ಬೇಡ” ಎಂದರು. “ಹುಳಕ್ಕೆ ಔಷಧಿ ಆಗಿದೆ, ಕಬ್ಬಿಣದ ಮಾತ್ರೆ ನುಂಗಲಿ. ಮಿಕ್ಕಿದ್ದನ್ನ ಅವಳ ಮೈಯೇ ಮಾಡ್ಕೊಳ್ಳತ್ತೆ.”

ಅವಳ ಮೈಯೇ ಮಾಡಿಕೊಳ್ಳುತ್ತದೆ. ಆ ಮಾತನ್ನು ಹೊತ್ತುಕೊಂಡು ರಕ್ತನಿಧಿಗೆ ಹಿಂದಿರುಗಿದೆ. ತಣ್ಣಗಿನ ಪೆಟ್ಟಿಗೆಯ ಬಾಗಿಲು ತೆರೆದು ಮೂರನೆಯ ಬಾಟಲಿಯನ್ನು ಹೊರಗೆ ತೆಗೆದೆ. ಅಂಟಿಸಿದ್ದ ಚೀಟಿ ತೇವಕ್ಕೆ ಮೆತ್ತಗಾಗಿತ್ತು. ಉಗುರಿನಿಂದ ಕೆರೆದು, ಆಕೆಯ ಹೆಸರನ್ನು ಪೂರ್ತಿಯಾಗಿ ತೆಗೆದೆ. ಯಾರಿಗೆಂದು ಇನ್ನೂ ತಿಳಿಯದ ಬಾಟಲಿಗಳ ಸಾಲಿನಲ್ಲಿ, ಒಳಗಿನ ಕೆಂಪು ಕದಡದಂತೆ, ಅದನ್ನು ಮೆಲ್ಲಗೆ ನಿಲ್ಲಿಸಿ ಬಾಗಿಲು ಮುಚ್ಚಿದೆ.